ಸೀಥ್ವೇಟ್: ಪೆನ್ಸಿಲ್ ಹುಟ್ಟಿಸಿದ ಊರು ಇನ್ನೂ ನಾಲ್ಕು ಮನೆಯ ಊರಾಗೇ ಉಳಿದದ್ದು ಯಾಕೆ?

ಕಾಲ್ನಡಿಗೆ

ಇಂಗ್ಲೆಂಡಿನ ಬೆಟ್ಟ-ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್ ಬಗ್ಗೆ ನಮ್ಮ ಈ ಚರ್ಚಾಕಟ್ಟೆಯಲ್ಲಿ ಮೊದಲೂ ಮಾತು ಬಂದಿದೆ. ಬಂದಾಗಲೆಲ್ಲ ದೋಣಿ, ಸರೋವರ, ಟೀ ಅಂಗಡಿ, ಇಷ್ಟಕ್ಕೇ ನಿಲ್ಲುತ್ತದೆ. ನಾನು ಹೇಳಬೇಕು ಅಂತಿರುವುದು ಅಲ್ಲಿನ ಒಂದು ಪುಟ್ಟ ಊರಿನ ಕಥೆ.

ಹೆಸರು ಸೀಥ್ವೇಟ್. ಕಂಬ್ರಿಯಾ ಜಿಲ್ಲೆಯ ಬಾರೋಡೇಲ್ ಕಣಿವೆಯ ತುತ್ತತುದಿಯಲ್ಲಿದೆ. ಕೆಸಿಕ್ ಪೇಟೆಯಿಂದ ಸುಮಾರು 13 ಕಿಲೋಮೀಟರ್. ಕಾರು ಹೋಗುವ ರಸ್ತೆ ಅಲ್ಲಿಗೇ ಮುಗಿಯುತ್ತದೆ. ಮುಂದೆ ಕಾಲುದಾರಿ, ಬೆಟ್ಟ, ಅಷ್ಟೇ. ಸುಣ್ಣ ಬಳಿದ ಕೆಲವು ಮನೆ, ಕೊಟ್ಟಿಗೆಗಳು, ಕಲ್ಲಿನ ಅಂಗಳ, ಟೆಂಟ್ ಹಾಕಲು ಒಂದು ಬಯಲು. ಅಂಗಡಿ ಇಲ್ಲ, ಚರ್ಚೂ ಇಲ್ಲ. ಪ್ರಾರ್ಥನೆಗೆ ಪಕ್ಕದ ಸ್ಟೋನ್‌ಥ್ವೇಟ್‌ಗೆ ಹೋಗಬೇಕು.

ಇಂಥ ಊರಿಗೆ ಎರಡು ದೊಡ್ಡ ಹೆಸರುಗಳಿವೆ. ಒಂದು, ಇಂಗ್ಲೆಂಡಿನಲ್ಲಿ ಜನ ವಾಸ ಮಾಡುವ ಜಾಗಗಳಲ್ಲೇ ಅತಿ ಹೆಚ್ಚು ಮಳೆ ಬೀಳುವುದು ಇಲ್ಲಿ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್ ಆಸುಪಾಸು. ಎರಡು, ಜಗತ್ತಿನ ಅತ್ಯಂತ ಶುದ್ಧವಾದ ಗಟ್ಟಿ ಗ್ರಾಫೈಟ್ ಸಿಕ್ಕಿದ್ದು ಇದರ ಎದುರಿನ ಗುಡ್ಡದಲ್ಲಿ. 16ನೇ ಶತಮಾನದಲ್ಲಿ. ನಮ್ಮ ಕೈಲಿರುವ ಪೆನ್ಸಿಲ್‌ಗೆ ಮೂಲ ಅದೇ.

ನನಗೆ ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ ಇದು. ಅಷ್ಟು ಬೆಲೆಬಾಳುವ ಸರಕು ಸಿಕ್ಕ ಮೇಲೆ ಊರು ಬೆಳೆಯಬೇಕಿತ್ತು, ಅಲ್ವಾ? ನಮ್ಮ ಕೋಲಾರದಲ್ಲಿ ಚಿನ್ನ ಸಿಕ್ಕಿತು, ಕೆಜಿಎಫ್ ಅನ್ನೋ ಪಟ್ಟಣವೇ ಎದ್ದಿತು. ಸೀಥ್ವೇಟ್ ಮಾತ್ರ ಇದ್ದಲ್ಲೇ ಇದೆ. ಗೊತ್ತಿದ್ದವರು ಹೇಳಿ.

ಆಗುಂಬೆ ಕಡೆಯವ

3,500 ಮಿ.ಮೀ.ಗೆ ಇಷ್ಟು ಹೆಸರಾ ಸರ್! ನಮ್ಮಲ್ಲಿ 7,000 ದಾಟುತ್ತದೆ, ಯಾರೂ ಕೇಳಲ್ಲ. 😄

ಕಾಲ್ನಡಿಗೆ

ನೀವು ಬರುತ್ತೀರಿ ಅಂತ ಗೊತ್ತಿತ್ತು. ಆದರೆ ಒಂದು ವ್ಯತ್ಯಾಸ ಇದೆ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೆಚ್ಚುಕಡಿಮೆ ಎಲ್ಲ ಸುರಿದು ಮುಗಿಯುತ್ತದೆ. ಆಮೇಲೆ ಅಡಿಕೆ ಒಣಗಿಸುವಷ್ಟು ಬಿಸಿಲು ಬರುತ್ತದೆ. ಇಲ್ಲಿ ಮಳೆಗಾಲ ಅಂತ ಬೇರೆ ಇಲ್ಲ. ಹನ್ನೆರಡು ತಿಂಗಳೂ ಬರುತ್ತದೆ. ಶರತ್ಕಾಲ, ಚಳಿಗಾಲದಲ್ಲಿ ಜಾಸ್ತಿ. ಲಂಡನ್ನಿಗೆ ವರ್ಷವಿಡೀ ಬರುವುದು 600 ಮಿ.ಮೀ. ಹತ್ತಿರ. ಅದರ ಪಕ್ಕದಲ್ಲಿಟ್ಟು ನೋಡಿ.

ಕಾರಣ ಮಾತ್ರ ನಿಮ್ಮ ಊರಿನದೇ. ನಿಮಗೆ ಅರಬ್ಬೀ ಸಮುದ್ರ, ಅವರಿಗೆ ಅಟ್ಲಾಂಟಿಕ್. ನೈಋತ್ಯದಿಂದ ಬರುವ ಹಸಿ ಗಾಳಿ ಸ್ಕಾಫೆಲ್ ಪೈಕ್, ಗ್ರೇಟ್ ಗೇಬಲ್ ಬೆಟ್ಟಗಳಿಗೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹಿಂಭಾಗದಲ್ಲಿರುವ ಸೀಥ್ವೇಟ್ ಮೇಲೆ ಸುರಿಯುತ್ತದೆ. ಕೆಸಿಕ್‌ಗೆ ಬರುವ ಹೊತ್ತಿಗೆ ಮಳೆ ಅರ್ಧಕ್ಕಿಂತ ಕಡಿಮೆ. ಆ ಬೆಟ್ಟಗಳೂ ನಿಮ್ಮ ಘಟ್ಟದಷ್ಟು ಎತ್ತರ ಏನಲ್ಲ. ಸ್ಕಾಫೆಲ್ ಪೈಕ್ ಇಂಗ್ಲೆಂಡಿನ ಅತಿ ಎತ್ತರದ ಶಿಖರ, ಆದರೂ 978 ಮೀಟರ್ ಮಾತ್ರ.

ದಾಖಲೆಪ್ರಿಯೆ

ಮಳೆ ವಿಷಯ ಬಂತು ಅಂತ ಒಂದು ಮಾತು. ಅಲ್ಲಿ ಮಳೆ ಅಳೆಯಲು ಶುರು ಮಾಡಿದ್ದು 1840ರ ದಶಕದಲ್ಲಿ. ವೈಟ್‌ಹೇವನ್ ಪಟ್ಟಣದ ಜಾನ್ ಫ್ಲೆಚರ್ ಮಿಲ್ಲರ್ ಅನ್ನುವವರು ಲೇಕ್ ಡಿಸ್ಟ್ರಿಕ್ಟ್‌ನ ಕಣಿವೆಗಳಲ್ಲಿ ಮಳೆಮಾಪಕಗಳನ್ನು ಇಡಿಸಿದರು. ಸೀಥ್ವೇಟ್ ಅದರಲ್ಲೊಂದು. ಅಲ್ಲಿಂದ ಬಂದ ಲೆಕ್ಕ ನೋಡಿದ ಮೇಲೆ ಈ ಊರಿನ ಹೆಸರು ಹವಾಮಾನದವರ ಪಟ್ಟಿಗೆ ಸೇರಿತು. ಅಂದರೆ ಮಳೆಯಲ್ಲಿ ಬಂದ ಹೆಸರಿಗೂ ಯಾರೋ ಒಬ್ಬರ ಹಟ ಬೇಕಾಯಿತು. ನಮ್ಮ ಪಶ್ಚಿಮ ಘಟ್ಟದಲ್ಲೂ ಮಾಪಕ ಇಡದ ಎಷ್ಟೋ ಮೂಲೆಗಳಿವೆ ಅನ್ನುವುದು ನನ್ನ ಅನುಮಾನ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಉತ್ತರ ಒಂದು ಹಳೇ ಕ್ರಯಪತ್ರದಲ್ಲಿದೆ.

ಬಾರೋಡೇಲ್ ಕಣಿವೆಯ ಬಹುಭಾಗ ಮಧ್ಯಯುಗದಲ್ಲಿ ಫರ್ನೆಸ್ ಅನ್ನುವ ಕ್ರೈಸ್ತ ಮಠದ್ದು. 1209ರಲ್ಲಿ ಮಠದವರು ಕೊಂಡುಕೊಂಡರು. ಕುರಿ ಸಾಕುವುದಕ್ಕೇ. ಆಗ ಉಣ್ಣೆ ಅಂದರೆ ದುಡ್ಡು. 1530ರ ದಶಕದಲ್ಲಿ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ. ಜಮೀನು ರಾಜನ ಕೈಗೆ ಬಂತು. ಮೊದಲನೇ ಜೇಮ್ಸ್ ಕಾಲದಲ್ಲಿ ಖಜಾನೆಗೆ ಹಣ ಬೇಕಾಗಿ ಲಂಡನ್ನಿನ ಇಬ್ಬರಿಗೆ ಮಾರಿದರು. ಆ ಇಬ್ಬರು ಸುಮ್ಮನೆ ಇಟ್ಟುಕೊಳ್ಳಲಿಲ್ಲ. 1614ರ ಸುಮಾರಿಗೆ ಕಣಿವೆಯಲ್ಲೇ ಉಳುಮೆ ಮಾಡುತ್ತಿದ್ದ ಗೇಣಿದಾರರಿಗೇ ತಿರುಗಿ ಮಾರಿದರು. ಮೂವತ್ತಕ್ಕೂ ಹೆಚ್ಚು ಮಂದಿ ಕೊಂಡರು. ಇದನ್ನು ಬಾರೋಡೇಲಿನ ಮಹಾಪತ್ರ ಅಂತ ಇವತ್ತಿಗೂ ಕರೆಯುತ್ತಾರೆ.

ಉಳುವವನೇ ಒಡೆಯ, ಅದೂ 17ನೇ ಶತಮಾನದಲ್ಲಿ! ಆದರೆ ಆ ಪತ್ರದಲ್ಲಿ ಒಂದು ಸಾಲು ಇದೆ. ಹೊಲ, ಹುಲ್ಲುಗಾವಲು, ಮರ, ನೀರು ಎಲ್ಲ ನಿಮ್ಮದು. ಪಕ್ಕದ ಸೀಟಾಲರ್ ಊರಿನ ಗೋಮಾಳದಲ್ಲಿರುವ ಕರಿ ಸೀಸದ (ಗ್ರಾಫೈಟ್‌ಗೆ ಆಗಿನ ಹೆಸರು) ಗುಂಡಿಗಳನ್ನು ಮಾತ್ರ ಬಿಟ್ಟು. ಗುಡ್ಡದ ಮೇಲಿನ ಹುಲ್ಲು ರೈತರದ್ದು, ಗುಡ್ಡದ ಒಳಗಿನ ಗ್ರಾಫೈಟ್ ಬೇರೆಯವರದ್ದು.

ಆಮೇಲೆ ಗಣಿಯ ಪಾಲು ಸರ್ ಜಾನ್ ಬ್ಯಾಂಕ್ಸ್ ಅನ್ನುವ ದೊಡ್ಡ ನ್ಯಾಯಾಧೀಶರ ಕುಟುಂಬಕ್ಕೆ ಹೋಯಿತು. ಅವರು ಹುಟ್ಟಿದ್ದು ಕೆಸಿಕ್ ಹತ್ತಿರವೇ. ಆದರೆ ಮನೆತನ ನೆಲೆ ನಿಂತದ್ದು ದೇಶದ ಇನ್ನೊಂದು ತುದಿಯ ಡಾರ್ಸೆಟ್‌ನಲ್ಲಿ. ಕಾರ್ಫ್ ಕೋಟೆ, ಆಮೇಲೆ ಕಿಂಗ್‌ಸ್ಟನ್ ಲೇಸಿ ಬಂಗಲೆ. ಗಣಿಯ ಲಾಭ ಹೋದದ್ದು ಆ ಕಡೆಗೆ. ಸೀಥ್ವೇಟಿಗೆ ಉಳಿದದ್ದು ಕುರಿ.

ಸುಮ್ನೆ ಓದುವವ

ಮೇಡಂ, ಆ ಒಂದು ಸಾಲು ಓದಿ ಮೈ ಉರಿಯಿತು.

ಪೆನ್ಸಿಲ್ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಪೆನ್ಸಿಲ್ ಅಂದರೆ ಸುಮ್ಮನಿರಲು ಆಗುವುದಿಲ್ಲ.

ಮೊದಲು ಆ ಗ್ರಾಫೈಟ್ ಯಾಕೆ ಅಷ್ಟು ವಿಶೇಷ ಅಂತ ತಿಳಿಯಬೇಕು. ಗ್ರಾಫೈಟ್ ಬೇಕಾದಷ್ಟು ದೇಶಗಳಲ್ಲಿ ಸಿಗುತ್ತದೆ. ಆದರೆ ಹೆಚ್ಚಿನ ಕಡೆ ಸಿಗುವುದು ಹೊಟ್ಟಿನ ಹಾಗೆ ಅಥವಾ ಪುಡಿಯಾಗಿ, ಬೇರೆ ಕಲ್ಲಿನ ಜೊತೆ ಬೆರೆತು. ಸೀಥ್ವೇಟಿನಲ್ಲಿ ಗಟ್ಟಿ ಉಂಡೆಗಳಾಗಿ ಸಿಕ್ಕಿತು. ಸುಮಾರು 45 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿ ಬಂಡೆಗಳ ಬಿರುಕಿನಲ್ಲಿ, ಕೊಳವೆಯ ಆಕಾರದ ಜಾಗಗಳಲ್ಲಿ ತುಂಬಿಕೊಂಡಿತ್ತು. ಗರಗಸದಲ್ಲಿ ಹಲಗೆಯಂತೆ ಕೊಯ್ದು, ಹಲಗೆಯನ್ನು ಕಡ್ಡಿಯಾಗಿ ಕೊಯ್ದು, ಹಾಗೇ ಬರೆಯಬಹುದಿತ್ತು. ಕುಟ್ಟುವುದು ಬೇಡ, ಕಲಸುವುದು ಬೇಡ. ಕೈ ಮಸಿಯಾಗುತ್ತದೆ ಅಂತ ಮೊದಮೊದಲು ದಾರ ಸುತ್ತುತ್ತಿದ್ದರು, ಇಲ್ಲವೇ ಕುರಿ ಚರ್ಮ. ಆಮೇಲೆ ಮರದ ಕವಚ ಬಂತು. 1565ರಲ್ಲೇ ಸ್ವಿಟ್ಜರ್ಲೆಂಡಿನ ವಿದ್ವಾಂಸ ಕಾನ್ರಾಡ್ ಗೆಸ್ನರ್ ಇಂಥ ಬರೆಯುವ ಕಡ್ಡಿಯ ಚಿತ್ರ ಅಚ್ಚು ಹಾಕಿಸಿದ್ದಾನೆ.

ಅದು ಸೀಸ ಅಂತಲೇ ಎಲ್ಲರೂ ನಂಬಿದ್ದರು. 1779ರಲ್ಲಿ ಸ್ವೀಡನ್ನಿನ ಷೀಲೆ ಅದು ಇಂಗಾಲ ಅಂತ ತೋರಿಸಿಕೊಟ್ಟ. ಗ್ರಾಫೈಟ್ ಅನ್ನುವ ಹೆಸರು ಕೊಟ್ಟದ್ದು 1789ರಲ್ಲಿ ಜರ್ಮನಿಯ ವೆರ್ನರ್. ಊರಿನವರು ಮಾತ್ರ ಯಾವಾಗಲೂ 'ವಾಡ್' ಅಂತಲೇ ಕರೆದರು.

ಈಗ ಬೆಲೆ ವಿಷಯ. ಪೆನ್ಸಿಲ್‌ಗೆ ಅಂತ ಇಷ್ಟು ಗಲಾಟೆ ಆಗಲಿಲ್ಲ. ಫಿರಂಗಿ ಗುಂಡಿಗೆ ಆಯಿತು. ಗುಂಡು ಎರಕ ಹೊಯ್ಯುವ ಅಚ್ಚಿನ ಒಳಮೈಗೆ ಗ್ರಾಫೈಟ್ ಹಚ್ಚಿದರೆ ಗುಂಡು ನುಣುಪಾಗಿ, ಸರಿಯಾಗಿ ದುಂಡಗೆ ಬರುತ್ತದೆ. ಅಚ್ಚಿನಿಂದ ಸಲೀಸಾಗಿ ಬಿಡುತ್ತದೆ. ನುಣುಪಾದ ಗುಂಡು ದೂರ ಹೋಗುತ್ತದೆ. 18ನೇ ಶತಮಾನದಲ್ಲಿ ಇಂಗ್ಲೆಂಡ್ ಒಂದಲ್ಲ ಒಂದು ಯುದ್ಧದಲ್ಲಿ ಇದ್ದೇ ಇತ್ತು. ಹಾಗಾಗಿ ಈ ಗುಡ್ಡದ ಮಸಿ ಸೈನ್ಯದ ಸರಕಾಯಿತು.

ದಾಖಲೆಪ್ರಿಯೆ

ಮೇಷ್ಟ್ರು ಹೇಳಿದ್ದಕ್ಕೆ ಕಾನೂನೇ ಸಾಕ್ಷಿ. 1752ರಲ್ಲಿ ಈ ಗಣಿಯಂಥ ಗಣಿಗಳಿಗೆ ಅಂತಲೇ ಸಂಸತ್ತು ಒಂದು ಕಾಯಿದೆ ಮಾಡಿತು. ಕರಿ ಸೀಸ ಕದಿಯುವುದು, ಕದ್ದ ಮಾಲು ಕೊಳ್ಳುವುದು, ಗಣಿಗೆ ನುಗ್ಗುವುದು ಎಲ್ಲ ಘೋರ ಅಪರಾಧ. ಶಿಕ್ಷೆ ಕಠಿಣ ದುಡಿಮೆ, ಇಲ್ಲವೇ ಸಮುದ್ರದಾಚೆಯ ವಸಾಹತಿಗೆ ಗಡೀಪಾರು. ಫಿರಂಗಿ ಗುಂಡು ಎರಕಕ್ಕೆ ಇದು ಬೇಕು ಅಂತ ಕಾಯಿದೆಯ ಪೀಠಿಕೆಯಲ್ಲೇ ಬರೆದಿದ್ದಾರೆ.

ಕಾಲ್ನಡಿಗೆ

ಕಾಯಿದೆ ಬರುವಷ್ಟು ಕಳ್ಳತನ ಇತ್ತು. ಆ ಕಡೆ ಹೋದರೆ ಈಗಲೂ ಅದೇ ಕಥೆಗಳು. ಗಣಿಯ ಬಾಯಿಯ ಮೇಲೇ ಕಾವಲು ಮನೆ ಕಟ್ಟಿಸಿದ್ದರು. ಕೆಲಸ ಮುಗಿಸಿ ಹೊರಗೆ ಬರುವ ಆಳುಗಳು ಕಾವಲುಗಾರನ ಎದುರೇ ಬಟ್ಟೆ ಬದಲಿಸಬೇಕಿತ್ತು. ಜೇಬಿನಲ್ಲಿ, ಬೂಟಿನಲ್ಲಿ ತುಂಡು ಉಳಿಯಬಾರದು ಅಂತ. ಬಿಸಾಕಿದ ಕಲ್ಲುರಾಶಿಯಲ್ಲಿ ಕೆದಕಿ ಚೂರುಪಾರು ಆರಿಸುವವರೂ ಇದ್ದರು. ಆ ಚೂರುಗಳು ಕೆಸಿಕ್‌ನ ಜಾರ್ಜ್ ಅನ್ನುವ ಹೋಟೆಲಿನಲ್ಲಿ ಕೈ ಬದಲಾಗುತ್ತಿದ್ದವು ಅನ್ನುತ್ತಾರೆ.

ಬ್ಲ್ಯಾಕ್ ಸಾಲ್ ಅನ್ನುವ ಕಳ್ಳಿಯನ್ನು ಗಣಿ ಒಡೆಯರ ಬೇಟೆನಾಯಿಗಳು ಅಟ್ಟಿಸಿಕೊಂಡು ಹೋಗಿ ಕೊಂದವು ಅಂತ ಇನ್ನೊಂದು ಕಥೆ. ಮೋಸಸ್ ಅನ್ನುವ ಕಳ್ಳಸಾಗಣೆಗಾರ ಪಕ್ಕದ ಹಾನಿಸ್ಟರ್ ಕಣಿವೆದಾರಿಯಿಂದ ಬೆಟ್ಟದ ಹೊಟ್ಟೆ ಸುತ್ತಿ ವಾಸ್‌ಡೇಲ್ ಕಣಿವೆಗೆ ಕುದುರೆ ಹೊಡೆಯುತ್ತಿದ್ದನಂತೆ. ಆ ದಾರಿಗೆ ಮೋಸಸ್ ಜಾಡು ಅಂತಲೇ ಹೆಸರು, ನಕ್ಷೆಯಲ್ಲೂ ಇದೆ. ದಾರಿ ನಿಜ. ಮನುಷ್ಯ ನಿಜವೋ ಅಲ್ಲವೋ, ಕಥೆ ಹೇಳುವವರಿಗೆ ಅದು ಬೇಕಾಗಿಲ್ಲ.

ಸುಮ್ನೆ ಓದುವವ

ಅಂದರೆ ಊರಿನವರಿಗೆ ಕೂಲಿ ಕೆಲಸವಾದರೂ ಸಿಕ್ಕಿರಬೇಕಲ್ಲ? ಕೂಲಿಗೆ ಅಂತ ಜನ ಬಂದರೆ ಮನೆ ಏಳಬೇಕು. ಕೆಜಿಎಫ್‌ನಲ್ಲಿ ಹಾಗೇ ಆಗಿದ್ದು.

ಪೆನ್ಸಿಲ್ ಮೇಷ್ಟ್ರು

ಒಳ್ಳೇ ಪ್ರಶ್ನೆ ಮರಿ. ಕೆಜಿಎಫ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಚಿನ್ನದ ಗಣಿಯಲ್ಲಿ ಟನ್ನುಗಟ್ಟಲೆ ಕಲ್ಲು ಎತ್ತಿ ಅರೆದರೆ ಕೆಲವು ಗ್ರಾಂ ಬರುತ್ತದೆ. ಸಾವಿರಾರು ಕೈ ಬೇಕು, ಅದೂ ದಿನವಿಡೀ. ಸೀಥ್ವೇಟಿನಲ್ಲಿ ಉಂಡೆ ಕೈಗೆ ಸಿಕ್ಕಿತೋ, ಕೆಲಸ ಮುಗಿಯಿತು. ಕೆಲವೇ ಆಳು ಸಾಕು.

ಅದಕ್ಕಿಂತ ದೊಡ್ಡ ವಿಷಯ, ಒಡೆಯರು ಗಣಿಯನ್ನು ಸದಾ ತೆರೆದಿಡಲೇ ಇಲ್ಲ. ಕೆಲವು ವರ್ಷಗಳಿಗೊಮ್ಮೆ ತೆಗೆಯುವುದು, ಬೇಕಾದಷ್ಟು ಎತ್ತುವುದು, ಮತ್ತೆ ಮುಚ್ಚಿ ಕಾವಲು ಹಾಕುವುದು. ಮಾರುಕಟ್ಟೆಗೆ ಜಾಸ್ತಿ ಬಿಟ್ಟರೆ ಬೆಲೆ ಬೀಳುತ್ತದೆ ಅನ್ನುವ ಲೆಕ್ಕ. ಜಗತ್ತಿನಲ್ಲಿ ಬೇರೆ ಕಡೆ ಇಂಥ ಮಾಲು ಇಲ್ಲ. ಆಟ ಪೂರ್ತಿ ಅವರ ಕೈಯಲ್ಲಿತ್ತು. ಮುಚ್ಚಿಯೇ ಇರುವ ಗಣಿಯನ್ನು ನಂಬಿ ಯಾರು ಮನೆ ಕಟ್ಟುತ್ತಾರೆ?

ಆ ಆಟ ಕೆಟ್ಟದ್ದು ಫ್ರಾನ್ಸಿನಿಂದ. ಇಂಗ್ಲೆಂಡಿನ ಜೊತೆ ಯುದ್ಧ, ಬಾರೋಡೇಲಿನ ಮಾಲು ಬರುವುದು ನಿಂತಿತು. 1795ರಲ್ಲಿ ನಿಕೊಲಾ ಜಾಕ್ ಕೊಂತೆ ಕೀಳು ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನ ಜೊತೆ ಕಲಸಿ, ಕಡ್ಡಿ ಮಾಡಿ, ಕುಲುಮೆಯಲ್ಲಿ ಸುಟ್ಟ. ಮಣ್ಣು ಜಾಸ್ತಿ ಹಾಕಿದರೆ ಗಟ್ಟಿ, ಗ್ರಾಫೈಟ್ ಜಾಸ್ತಿ ಹಾಕಿದರೆ ಮೆತ್ತಗೆ ಮತ್ತು ಕಪ್ಪು. ಇವತ್ತು ಅಂಗಡಿಯಲ್ಲಿ ಎಚ್‌ಬಿ, 2ಬಿ, 4ಎಚ್ ಅಂತ ಕೇಳುತ್ತೀರಲ್ಲ, ಅದರ ಗುಟ್ಟು ಇಷ್ಟೇ. ಅಲ್ಲಿಗೆ ಸೀಥ್ವೇಟಿನ ಉಂಡೆ ಅನಿವಾರ್ಯ ಅಲ್ಲ ಅಂತಾಯಿತು. ನಿಧಾನಕ್ಕೆ ಒಳ್ಳೇ ಮಾಲೂ ಖಾಲಿಯಾಯಿತು. 19ನೇ ಶತಮಾನದ ಕೊನೆಗೆ ಗಣಿ ನಿಂತಿತು.

ಕುರಿಹಟ್ಟಿ

ಎಲ್ಲರೂ ಗಣಿ ಗಣಿ ಅಂತೀರಿ. ನಾನು ಶಿರಾ ಕಡೆಯವನು, ನಮ್ಮದು ಕುರಿ ಮನೆ. ದಾಖಲೆಪ್ರಿಯೆ ಅವರು "ಉಳಿದದ್ದು ಕುರಿ" ಅಂತ ಒಂದೇ ಮಾತಲ್ಲಿ ಮುಗಿಸಿದರು. ಆ ಕುರಿ ಬಗ್ಗೆ ಯಾರಾದರೂ ಹೇಳಿ.

ಕಾಲ್ನಡಿಗೆ

ಹೇಳುತ್ತೇನೆ ಗೌಡ್ರೇ, ನೋಡಿದಷ್ಟು. ಅಲ್ಲಿನ ತಳಿ ಹರ್ಡ್‌ವಿಕ್. ಗಿಡ್ಡ ಕಾಲು, ಗಟ್ಟಿ ಮೈ, ಮುಖ ಬಿಳಿ. ಮರಿ ಹುಟ್ಟುವಾಗ ಕಪ್ಪು. ವರ್ಷ ಕಳೆದಂತೆ ಕಂದು, ಆಮೇಲೆ ಬೂದು. ಹಿಮ, ಗಾಳಿ, ಆ ದರಿದ್ರ ಮಳೆ ಯಾವುದಕ್ಕೂ ಜಗ್ಗಲ್ಲ.

ನಿಮಗೆ ಇಷ್ಟ ಆಗುವ ವಿಷಯ ಬೇರೆ ಇದೆ. ಮೇಲಿನ ಬೆಟ್ಟಕ್ಕೆ ಬೇಲಿ ಇಲ್ಲ. ಆದರೂ ಒಂದೊಂದು ಮಂದೆಗೆ ತನ್ನದೇ ಎಲ್ಲೆ ಇದೆ. ಯಾರೂ ಕಾಯಲ್ಲ. ತಾಯಿಕುರಿ ಮರಿಯನ್ನು ಕರೆದುಕೊಂಡು ಮೇಯುತ್ತದೆ, ಮರಿ ಆ ಜಾಗ ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. ಹಾಗಾಗಿ ಮಂದೆಯನ್ನು ಆ ಬೆಟ್ಟದಿಂದ ಬಿಡಿಸುವ ಹಾಗಿಲ್ಲ. ಹೊಲದ ಗೇಣಿ ಬದಲಾದರೆ ಮಂದೆ ಜಮೀನಿನ ಜೊತೆಗೇ ಹೊಸಬರಿಗೆ ಹೋಗುತ್ತದೆ. ಬಿಟ್ಟು ಹೋಗುವವರು ಅಷ್ಟೇ ಕುರಿ ಒಪ್ಪಿಸಿ ಹೋಗಬೇಕು. ಈಗ ಅಲ್ಲಿ ಬಹುಪಾಲು ಜಮೀನಿಗೆ ಒಡೆಯರು ನ್ಯಾಷನಲ್ ಟ್ರಸ್ಟ್ (ಹಳೇ ಕಟ್ಟಡ, ನಿಸರ್ಗ ಕಾಪಾಡುವ ಸಂಸ್ಥೆ), ರೈತರು ಗೇಣಿದಾರರು.

2001ರಲ್ಲಿ ಕಾಲುಬಾಯಿ ರೋಗ ಬಂತು. ಇಡೀ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಪೆಟ್ಟು ತಿಂದದ್ದು ಕಂಬ್ರಿಯಾ. ಆಗ ಎಲ್ಲರಿಗೂ ಇದೇ ಭಯ. ಒಂದು ಮಂದೆಯನ್ನು ಕೊಂದರೆ ಬೆಟ್ಟದ ಎಲ್ಲೆ ಗೊತ್ತಿರುವ ತಾಯಿಯೇ ಉಳಿಯಲ್ಲ. ಸಂತೆಯಿಂದ ಬೇರೆ ಕುರಿ ತಂದು ಬಿಟ್ಟರೆ ಅವು ಎತ್ತಲೋ ಹೋಗಿಬಿಡುತ್ತವೆ.

ಕುರಿಹಟ್ಟಿ

ಇದು ಮಾತು ಅಂದರೆ! ಗುರುತು ಹೇಗೆ ಹಾಕ್ತಾರೆ? ನಾವು ಕಿವಿ ಕತ್ತರಿಸ್ತೀವಿ, ಬಣ್ಣವೂ ಹಚ್ತೀವಿ.

ಕಾಲ್ನಡಿಗೆ

ಎರಡೂ ಅಲ್ಲೂ ಇದೆ. ಕಿವಿಗೆ ಕಚ್ಚು, ಉಣ್ಣೆಗೆ ಬಣ್ಣದ ಪಟ್ಟೆ. ಒಂದು ಹೊಲದ ಕುರಿಗೆ ಬೆನ್ನ ಮೇಲೆ ಕೆಂಪು ಗೆರೆ, ಇನ್ನೊಂದರದಕ್ಕೆ ಪಕ್ಕೆಯಲ್ಲಿ ನೀಲಿ ಬೊಟ್ಟು, ಹೀಗೆ. ಯಾರದ್ದು ಯಾವ ಗುರುತು ಅಂತ ಕುರಿಯ ಚಿತ್ರ ಸಮೇತ ಪುಸ್ತಕ ಅಚ್ಚು ಹಾಕುತ್ತಾರೆ. ಮೊದಲನೆಯದು ಬಂದದ್ದು 1817ರಲ್ಲಿ. ತಪ್ಪಿಸಿಕೊಂಡ ಕುರಿ ಸಿಕ್ಕರೆ ಪುಸ್ತಕ ತೆಗೆದು ನೋಡುವುದು, ಒಡೆಯರಿಗೆ ಮುಟ್ಟಿಸುವುದು.

ಇಲ್ಲೊಂದು ತಮಾಷೆ. ಗ್ರಾಫೈಟ್ ಸಿಕ್ಕ ಬಗ್ಗೆ ಊರಿನವರು ಹೇಳುವ ಕಥೆಯಲ್ಲೂ ಕುರಿ ಇದೆ. ಬಿರುಗಾಳಿಗೆ ಮರವೊಂದು ಬುಡಮೇಲಾಯಿತಂತೆ, ಬೇರಿನಡಿ ಕರೀ ಕಲ್ಲು ಕಂಡಿತಂತೆ, ಕುರುಬರು ಅದನ್ನು ತಂದು ಕುರಿಗೆ ಗುರುತು ಹಾಕಿದರಂತೆ. ಗುರುತು ಹಾಕಿದ್ದನ್ನು ಚರಿತ್ರೆಯವರೂ ಒಪ್ಪುತ್ತಾರೆ. ಮರದ ಕಥೆಗೆ ಕೈ ಕಾಲು ಇಲ್ಲ.

ಇನ್ನು ಎಣಿಕೆ. ಹಳೇ ಕಾಲದ ಬಾರೋಡೇಲ್ ಕುರುಬರು ಕುರಿ ಎಣಿಸಿದ್ದು ಹೀಗೆ: ಯಾನ್, ತ್ಯಾನ್, ತೆಥೆರ, ಮೆಥೆರ, ಪಿಂಪ್, ಸೆಥೆರ, ಲೆಥೆರ, ಹೊವೆರ, ಡೊವೆರ, ಡಿಕ್. ಹದಿನೈದಕ್ಕೆ ಬಮ್‌ಫಿಟ್, ಇಪ್ಪತ್ತಕ್ಕೆ ಗಿಗಟ್. ಇಪ್ಪತ್ತು ಆದ ಮೇಲೆ ಒಂದು ಕಲ್ಲು ಜೇಬಿಗೆ, ಮತ್ತೆ ಯಾನ್‌ನಿಂದ ಶುರು.

ಕುರಿಹಟ್ಟಿ

ಬಮ್‌ಫಿಟ್! ನಾಳೆಯಿಂದ ನಮ್ಮ ಹುಡುಗರಿಗೆ ಇದೇ ಹೇಳಿಕೊಡ್ತೀನಿ. ಉಣ್ಣೆಗೆ ರೇಟು ಹೇಗಿದೆ?

ಕಾಲ್ನಡಿಗೆ

ಅದೊಂದು ಕೇಳಬೇಡಿ. ಒರಟು ಉಣ್ಣೆ, ಜಮಖಾನೆಗೆ ಹೋಗುತ್ತದೆ. ಕತ್ತರಿಸುವ ಕೂಲಿಯೂ ಹುಟ್ಟಲ್ಲ ಅನ್ನುತ್ತಾರೆ ರೈತರು.

ಕುರಿಹಟ್ಟಿ

ನಮ್ಮ ಕಂಬಳಿ ಕಥೆಯೇ ಆಯ್ತು ಬಿಡಿ.

ಆಗುಂಬೆ ಕಡೆಯವ

ದಾಖಲೆಪ್ರಿಯೆ ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪಲು ನನಗೆ ಆಗುತ್ತಿಲ್ಲ. ಕ್ರಯಪತ್ರದಲ್ಲಿ ಗಣಿ ರೈತರ ಹೆಸರಿಗೇ ಬಂದಿದ್ದರೆ ಊರು ಬೆಳೆಯುತ್ತಿತ್ತಾ? ನನಗೆ ಅನುಮಾನ. ನಮ್ಮ ಕಡೆಯೂ ಕಾಡು ಮೂಲೆಯ ಒಂಟಿ ಮನೆಗಳಿವೆ. ಅಡಿಕೆಗೆ ರೇಟು ಬಂದಾಗ ಮನೆ ದೊಡ್ಡದಾಯಿತು, ಊರು ದೊಡ್ಡದಾಗಲಿಲ್ಲ. ಮಳೆ, ಇಳಿಜಾರು, ಸಮತಟ್ಟು ಜಾಗದ ಕೊರತೆ, ಇವು ಯಾರ ಪತ್ರಕ್ಕೂ ಬಗ್ಗುವುದಿಲ್ಲ. ಸೀಥ್ವೇಟಿನ ಚಿತ್ರ ನೋಡಿದೆ. ಎರಡೂ ಕಡೆ ಗುಡ್ಡ, ನಡುವೆ ಒಂದು ಹೊಳೆ, ಹೊಳೆ ಪಕ್ಕ ಅಂಗೈ ಅಗಲ ಹುಲ್ಲು. ಐವತ್ತು ಮನೆ ಎಲ್ಲಿ ಕಟ್ಟುತ್ತೀರಿ?

ದಾಖಲೆಪ್ರಿಯೆ

ಊರಲ್ಲೇ ಕಟ್ಟಬೇಕು ಅಂತ ನಾನೂ ಹೇಳುತ್ತಿಲ್ಲ. ಹಣ ಕಣಿವೆಯಲ್ಲಿ ಉಳಿಯುತ್ತಿತ್ತು ಅನ್ನುವುದಷ್ಟೇ ನನ್ನ ವಾದ. ಅದಕ್ಕೆ ಸಾಕ್ಷಿ ಕೆಸಿಕ್. ಪೆನ್ಸಿಲ್ ಕೈಗಾರಿಕೆ ನೆಲೆ ನಿಂತದ್ದು ಅಲ್ಲಿ. 1832ರಲ್ಲಿ ಕಾರ್ಖಾನೆ ಬಂತು. ಡರ್ವೆಂಟ್ ಅನ್ನುವ ಹೆಸರಿನ ಪೆನ್ಸಿಲ್‌ಗಳನ್ನು ಚಿತ್ರ ಬರೆಯುವವರು ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ, ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತವೆ. ಆ ಹೊಳೆಯ ಹೆಸರೇ ಡರ್ವೆಂಟ್. ಕಾರ್ಖಾನೆ 2008ರಲ್ಲಿ ವರ್ಕಿಂಗ್ಟನ್ ಹತ್ತಿರಕ್ಕೆ ಹೋಯಿತು. ಮ್ಯೂಸಿಯಂ ಕೆಸಿಕ್‌ನಲ್ಲೇ ಇದೆ.

ಆ ಕಾರ್ಖಾನೆಯ ಒಂದು ಕಥೆ ಹೇಳದೆ ಹೋದರೆ ತಪ್ಪಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಗುಟ್ಟಾಗಿ ವಿಶೇಷ ಪೆನ್ಸಿಲ್ ಮಾಡಿದರು. ಹೊರಗೆ ನೋಡಿದರೆ ಮಾಮೂಲಿ ಪೆನ್ಸಿಲ್. ಒಳಗೆ ಸುರುಳಿ ಸುತ್ತಿದ ತೆಳು ನಕ್ಷೆ, ರಬ್ಬರಿನ ಕೆಳಗೆ ಪುಟ್ಟ ದಿಕ್ಸೂಚಿ. ಶತ್ರು ನೆಲದಲ್ಲಿ ಬಿದ್ದ ವಿಮಾನದವರು ತಪ್ಪಿಸಿಕೊಂಡು ಬರಲಿ ಅಂತ.

ಇದೆಲ್ಲ ನಡೆದದ್ದು 13 ಕಿಲೋಮೀಟರ್ ಕೆಳಗೆ. ಸೀಥ್ವೇಟಿಗೆ ಹೆಸರು ಬಂತು, ಕೆಲಸ ಬರಲಿಲ್ಲ.

ಆಗುಂಬೆ ಕಡೆಯವ

ಹಾಗೆ ಹೇಳಿದರೆ ಒಪ್ಪಬಹುದು. ಆದರೂ ಮಳೆಗೆ ನನ್ನ ಒಂದು ಓಟು.

ಕಾಲ್ನಡಿಗೆ

ಮಳೆಯ ಓಟು ಚಿಕ್ಕದಲ್ಲ. 2009ರ ನವೆಂಬರ್ 19-20ರ 24 ಗಂಟೆಯಲ್ಲಿ ಸೀಥ್ವೇಟಿನಲ್ಲಿ 316.4 ಮಿ.ಮೀ. ಬಿತ್ತು. ಬ್ರಿಟನ್ನಿನ ದಾಖಲೆ ಅದು. ಆರು ವರ್ಷ ನಿಂತಿತು. 2015ರ ಡಿಸೆಂಬರ್ 5ರಂದು ಪಕ್ಕದ ಹಾನಿಸ್ಟರ್ ಕಣಿವೆದಾರಿಯಲ್ಲಿ 341.4 ಮಿ.ಮೀ. ಬಿದ್ದು ಮುರಿಯಿತು. ಆಗುಂಬೆಯವರಿಗೆ ಜುಲೈನಲ್ಲಿ ಇಂಥ ದಿನ ಹೊಸದೇನಲ್ಲ, ಗೊತ್ತು. ಆದರೆ ಅಲ್ಲಿನ ಸೇತುವೆ, ಮನೆ, ಚರಂಡಿ ಯಾವುದನ್ನೂ ಆ ಲೆಕ್ಕಕ್ಕೆ ಕಟ್ಟಿಲ್ಲ.

ನೀರು ಹೋಗುವ ದಾರಿ ನೋಡಿ. ಸೀಥ್ವೇಟ್ ಮೇಲೆ ಬಿದ್ದದ್ದು ಡರ್ವೆಂಟ್ ಹೊಳೆಗೆ, ಅಲ್ಲಿಂದ ಡರ್ವೆಂಟ್‌ವಾಟರ್ ಸರೋವರಕ್ಕೆ, ಕೆಸಿಕ್ ಪಕ್ಕದಿಂದ ಬ್ಯಾಸೆನ್‌ಥ್ವೇಟ್ ಸರೋವರಕ್ಕೆ, ಆಮೇಲೆ ಕಾಕರ್‌ಮೌತ್, ಕೊನೆಗೆ ವರ್ಕಿಂಗ್ಟನ್‌ನಲ್ಲಿ ಸಮುದ್ರಕ್ಕೆ. 2009ರಲ್ಲಿ ಕಾಕರ್‌ಮೌತ್ ಪೇಟೆಬೀದಿ ಮುಳುಗಿತು. ವರ್ಕಿಂಗ್ಟನ್‌ನಲ್ಲಿ ಸೇತುವೆ ಕುಸಿಯಿತು. ಜನರನ್ನು ಸೇತುವೆಯ ಮೇಲೆ ಬಿಡದೆ ತಡೆಯುತ್ತಿದ್ದ ಪೊಲೀಸರೊಬ್ಬರು ಅದರ ಜೊತೆಗೇ ಕೊಚ್ಚಿಹೋದರು.

ಊರಿನಿಂದ ಸ್ವಲ್ಪ ಮೇಲೆ ಸ್ಟಾಕ್ಲಿ ಸೇತುವೆ ಇದೆ. ಹೇರು ಕುದುರೆಗಳ ಕಾಲದ್ದು. ಒಂದೇ ಕಮಾನು, ಕುದುರೆಯ ಮೂಟೆ ತಾಗದಿರಲಿ ಅಂತ ಗೋಡೆ ತೀರಾ ಗಿಡ್ಡ. 1966ರ ಪ್ರವಾಹ ಅದನ್ನೂ ಬಿಡಲಿಲ್ಲ. ಮತ್ತೆ ಕಟ್ಟಿದ್ದಾರೆ.

ಮಲೆನಾಡ ಅಕ್ಕ

ತಡವಾಗಿ ಬಂದೆ, ಎಲ್ಲ ಓದಿದೆ. ಮರಗಳ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ!

ಸೀಥ್ವೇಟ್ ಹತ್ತಿರ ಹೊಳೆಯ ಆಚೆ ದಡದಲ್ಲಿ ಕೆಲವು ಮುದಿ ಯೂ ಮರಗಳಿವೆ. ಸಾವಿರ ವರ್ಷಕ್ಕೂ ಹಳೆಯವು ಅನ್ನುತ್ತಾರೆ. ಮೊದಲು ನಾಲ್ಕು ಇದ್ದವು, 1883ರ ಬಿರುಗಾಳಿಗೆ ಒಂದು ಹೋಯಿತು. ನಾನು ನೋಡಿದಾಗ ಒಂದರ ಕಾಂಡ ಪೂರಾ ಪೊಳ್ಳು, ಒಳಗೆ ಒಬ್ಬರು ನಿಲ್ಲುವಷ್ಟು. ತೊಗಟೆ ಕೆಂಪಗೆ, ಮುಟ್ಟಿದರೆ ಸಿಪ್ಪೆ ಬಿಡುತ್ತಿತ್ತು. ಮೇಲೆ ಮಾತ್ರ ಹಚ್ಚಹಸಿರು.

ಆ ಕಣಿವೆಯ ಓಕ್ ಕಾಡೂ ನಮ್ಮ ಶೋಲಾ ನೆನಪಿಸುತ್ತದೆ. ಕಲ್ಲು, ಕೊಂಬೆ, ಬಿದ್ದ ಮರ ಎಲ್ಲದರ ಮೇಲೂ ಪಾಚಿ, ಕಲ್ಲುಹೂವು, ಜರಿಗಿಡ. ಚಳಿ ದೇಶದ ಮಳೆಕಾಡು ಅದು. 2023ರಲ್ಲಿ ಬಾರೋಡೇಲಿನ ಕಾಡುಗಳನ್ನು ಸೇರಿಸಿ ರಾಷ್ಟ್ರೀಯ ನಿಸರ್ಗಧಾಮ ಅಂತ ಘೋಷಿಸಿದರು. ಇಷ್ಟು ಮಳೆ ಬಿದ್ದದ್ದರಿಂದಲೇ ಉಳಿದ ಕಾಡು. ಕುರಿ ಜಾಸ್ತಿಯಾದರೆ ಸಸಿ ಏಳುವುದಿಲ್ಲ ಅಂತ ಅಲ್ಲೂ ಜಗಳ ಇದೆ. ಕುರಿಹಟ್ಟಿ ಅಣ್ಣ ಬೇಜಾರು ಮಾಡ್ಕೋಬೇಡಿ.

ಕುರಿಹಟ್ಟಿ

ಬೇಜಾರಿಲ್ಲ ಅಕ್ಕ. ಈ ಜಗಳ ನಮ್ಮೂರ ಕಾವಲಲ್ಲೂ ದಿನಾ ಇದೆ. ಆದರೆ ಎಂಟುನೂರು ವರ್ಷದಿಂದ ಅಲ್ಲಿ ಕುರಿ ಮೇಯ್ತಿದೆ ಅಂತ ನೀವೇ ಎಲ್ಲ ಸೇರಿ ಹೇಳಿದ್ದೀರಿ. ಗಣಿ ಬಂತು, ಹೋಯಿತು. ಕುರಿಯನ್ನು ಮೊದಲು ಕೇಳಿ.

ದಾಖಲೆಪ್ರಿಯೆ

ಕಿಂಗ್‌ಸ್ಟನ್ ಲೇಸಿ ಬಂಗಲೆಯ ಕಥೆಗೆ ಒಂದು ಬಾಲಂಗೋಚಿ. ಬ್ಯಾಂಕ್ಸ್ ಕುಟುಂಬದ ಕೊನೆಯ ಒಡೆಯರು 1981ರಲ್ಲಿ ತೀರಿಕೊಂಡಾಗ ಆ ಬಂಗಲೆ, ಕಾರ್ಫ್ ಕೋಟೆ ಎಲ್ಲ ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟಿದ್ದರು. ಸೀಥ್ವೇಟಿನ ಹೊಲಕ್ಕೂ ಈಗ ಅದೇ ಟ್ರಸ್ಟ್ ಒಡೆಯ. 1614ರಲ್ಲಿ ಬೇರೆಯಾದ ಹುಲ್ಲಿನ ಹಣ, ಗಣಿಯ ಹಣ ಎರಡೂ ಕೊನೆಗೆ ಒಂದೇ ಖಾತೆಗೆ ಬಂದು ಸೇರಿದವು. ರೈತರು ಮಾತ್ರ ಮತ್ತೆ ಗೇಣಿದಾರರು.

ಸುಮ್ನೆ ಓದುವವ

ಇಷ್ಟೆಲ್ಲ ಓದಿದ ಮೇಲೆ ಹೋಗಲೇಬೇಕು ಅನ್ನಿಸಿದೆ. ಮುಂದಿನ ವರ್ಷ ತಂಗಿ ಮ್ಯಾಂಚೆಸ್ಟರ್‌ನಲ್ಲಿ ಓದಲು ಹೋಗುತ್ತಾಳೆ. ಕಾರಿಲ್ಲದೆ ತಲುಪಬಹುದಾ? ಗಣಿ ಒಳಗೆ ಬಿಡುತ್ತಾರಾ?

ಕಾಲ್ನಡಿಗೆ

ಧಾರಾಳವಾಗಿ. ಪೆನ್ರಿತ್‌ವರೆಗೆ ರೈಲು, ಅಲ್ಲಿಂದ ಕೆಸಿಕ್‌ಗೆ ಬಸ್ಸು. ಕೆಸಿಕ್‌ನಿಂದ ಸೀಟಾಲರ್‌ಗೆ 78ನೇ ನಂಬರಿನ ಬಸ್ಸು. ಸೀಥ್ವೇಟ್‌ವರೆಗೆ ಅದು ಬರಲ್ಲ, ಕೊನೆಯ ಎರಡು ಕಿಲೋಮೀಟರ್ ನಡೆಯಬೇಕು. ಚಳಿಗಾಲದಲ್ಲಿ ಬಸ್ಸು ಕಡಿಮೆ, ಕೊನೆಯ ಬಸ್ಸಿನ ಹೊತ್ತು ಮೊದಲೇ ನೋಡಿಟ್ಟುಕೊಳ್ಳಲಿ.

ಗಣಿಯ ಸುರಂಗಗಳ ಒಳಗೆ ಹೋಗುವ ಸಾಹಸ ಬೇಡ. ನೀರು ನಿಂತಿರುತ್ತದೆ, ಕಲ್ಲು ಸಡಿಲ. ಹೊರಗಿನ ಕಲ್ಲುರಾಶಿ ಗುಡ್ಡದ ಇಳಿಜಾರಿನಲ್ಲಿ ಕೆಳಗಿನಿಂದಲೇ ಕಾಣುತ್ತದೆ. ಊರಿನಲ್ಲಿ ಕೊಟ್ಟಿಗೆಗಳ ನಡುವೆ ಒಂದು ಕಮಾನು ಇದೆ. ಅದರೊಳಗಿಂದ ಹಾದು ಹೊಳೆ ದಾಟಿದರೆ ಎದುರಿಗೇ ಸೋರ್‌ಮಿಲ್ಕ್ ಜಲಪಾತ. ಮಳೆ ಬಂದ ಮಾರನೇ ದಿನ ಅದನ್ನು ನೋಡಬೇಕು.

ಇನ್ನೊಂದು ಎಚ್ಚರ. ಲೇಕ್ ಡಿಸ್ಟ್ರಿಕ್ಟ್‌ನಲ್ಲೇ ಡಡನ್ ಕಣಿವೆಯಲ್ಲಿ ಇನ್ನೊಂದು ಸೀಥ್ವೇಟ್ ಇದೆ. ಸೀಥ್ವೇಟ್ ಟಾರ್ನ್ ಅನ್ನುವ ಕೆರೆ ಇರುವುದು ಆ ಕಡೆ. ಫೋನಿನಲ್ಲಿ ಬರೀ ಸೀಥ್ವೇಟ್ ಅಂತ ಹಾಕಿದರೆ ಅಲ್ಲಿಗೆ ಕರೆದುಕೊಂಡು ಹೋದೀತು. ಬಾರೋಡೇಲ್ ಅಂತ ಸೇರಿಸಿ ಹುಡುಕಲಿ. ಮೇ ತಿಂಗಳಲ್ಲಿ ಹೋದರೆ ಮಳೆ ಸ್ವಲ್ಪ ಕಮ್ಮಿ.

ಆಗುಂಬೆ ಕಡೆಯವ

ಕಮ್ಮಿ ಅಂದರೆ ಎಷ್ಟು ಅಂತ ನನ್ನನ್ನು ಕೇಳಿ ಹೋಗಲು ಹೇಳಿ. ಛತ್ರಿ ಬೇಡ, ಆ ಗಾಳಿಗೆ ನಿಲ್ಲಲ್ಲ. ಒಳ್ಳೇ ರೈನ್‌ಕೋಟು, ಚೀಲದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೊಂದು ಜೊತೆ ಕಾಲುಚೀಲ.